ನಿಮ್ಮನ್ನು ನಾವು ನೋಡಿಕೊಳ್ಳುತ್ತೇವೆ

ಫೆಬ್ರವರಿ 3

ಗುಬ್ಬಿ,

ನಿನ್ನ ಪಕ್ಷದ ಪ್ರಣಾಳಿಕೆಯ ಕರಡು ಬಂತು. ಓದಿದೆ. ನಡುವೆ ನಿದ್ದೆ ಬಂತು, ಎದ್ದು ಮುಖ ತೊಳೆದುಕೊಂಡು ಮತ್ತೆ ಓದಿದೆ. ಒಡಹುಟ್ಟಿದವನು ಬರೆದದ್ದು ಅಂತ ಇಷ್ಟಾದರೂ ಮಾಡಬೇಕಲ್ಲ.

ಬೇಜಾರು ಮಾಡಿಕೊಳ್ಳಬೇಡ. ಅಭಿಪ್ರಾಯ ಹೇಳು ಅಂತ ಕಳಿಸಿದವನು ನೀನು. ಚುನಾವಣೆ ಬಂದಾಗಲೆಲ್ಲ ನನ್ನ ವಾರಪತ್ರಿಕೆಯ ಅಂಕಣದಲ್ಲಿ ಎಲ್ಲ ಪಕ್ಷಗಳ ಪ್ರಣಾಳಿಕೆಗಳನ್ನೂ ಕಾದಂಬರಿಗಳ ಹಾಗೆ ಕೂರಿಸಿಕೊಂಡು ವಿಮರ್ಶೆ ಮಾಡುತ್ತೇನಲ್ಲ, ಓದುವವರಿಗೆ ಅದು ತಮಾಷೆ. ನನಗೆ ಅಲ್ಲ. ಮನೆಮನೆಗೆ ಪುಕ್ಕಟೆ ಬಂದು ಬೀಳುವ ಗದ್ಯ ಬೇರೆ ಯಾವುದಿದೆ ಹೇಳು? ಅದನ್ನು ಚೆನ್ನಾಗಿ ಬರೆಯಕೂಡದು ಅಂತ ಯಾರಾದರೂ ಕಾನೂನು ಮಾಡಿದ್ದಾರಾ? ಎಲ್ಲ ಪಕ್ಷದವರೂ ಸೇರಿ ಮಾಡಿದ್ದಾರೆ ಅಂತಲೇ ಕಾಣುತ್ತದೆ.

ನಿನ್ನ ಕರಡಿಗೆ ಹಿಡಿದಿರುವ ರೋಗದ ಹೆಸರು ‘ಲಾಗುವುದು’. ರಸ್ತೆಗಳನ್ನು ಅಗಲಗೊಳಿಸಲಾಗುವುದು. ಉದ್ಯೋಗ ಸೃಷ್ಟಿಸಲಾಗುವುದು. ಆಸ್ಪತ್ರೆಗಳನ್ನು ಮೇಲ್ದರ್ಜೆಗೆ ಏರಿಸಲಾಗುವುದು. ಯಾರು ಕಣೋ ಮಾಡುವವರು? ಸಂಜೆ ಕಾಲೇಜಿನಲ್ಲಿ ಮೊದಲ ದಿನವೇ ಮಕ್ಕಳಿಗೆ ಹೇಳಿಕೊಡುತ್ತೇನೆ, ವಾಕ್ಯ ಸಿಕ್ಕಿದ ತಕ್ಷಣ ಅದರ ಕರ್ತೃ ಎಲ್ಲಿದ್ದಾನೆ ಅಂತ ಹುಡುಕಿ, ಕೆಲಸ ಮಾಡುವವನು ಅವನು ಅಂತ. ನಿನ್ನ ಇಡೀ ಪ್ರಣಾಳಿಕೆಯಲ್ಲಿ ಒಬ್ಬ ಕರ್ತೃವೂ ಇಲ್ಲ. ಊರು ಖಾಲಿ, ಕೆಲಸಗಳು ಮಾತ್ರ ತಮ್ಮಷ್ಟಕ್ಕೆ ತಾವೇ ಆಗುತ್ತಿವೆ.

ನಿನ್ನ ಭಾವ ಕೆಳಗೆ ಅಂಗಡಿಯಲ್ಲಿ ಕೀ ಉಜ್ಜುತ್ತ ಇದನ್ನು ಗಿರಾಕಿಗಳಿಗೆಲ್ಲ ಓದಿ ಹೇಳಿದರಂತೆ. ಈಗ ಮನೆಯಲ್ಲೂ ಅದೇ ಭಾಷೆ. ‘ಟೀ ಕುಡಿಯಲಾಗುವುದು. ತದನಂತರ ಲೋಟ ತೊಳೆಯಲಾಗುವುದು’ ಅಂದು ಪೇಪರ್ ಹಿಡಿದು ಕೂತರು. ಲೋಟ ಸಂಜೆವರೆಗೂ ಅಲ್ಲೇ ಇತ್ತು.

ಸರಿ, ಬೈದದ್ದು ಸಾಕು. ಕೆಂಪು ಮಸಿಯಲ್ಲಿ ತಿದ್ದಿದ್ದೇನೆ, ನೋಡು. ವೃದ್ಧರು, ರೋಗಿಗಳು, ಒಂಟಿ ಜನರ ಬಗ್ಗೆ ನೀನು ಬರೆದಿದ್ದೆ: ‘ಅಶಕ್ತರ ಹಾಗೂ ಏಕಾಂಗಿಗಳ ಯೋಗಕ್ಷೇಮದ ಹೊಣೆಯನ್ನು ಹಂತಹಂತವಾಗಿ ನಿರ್ವಹಿಸಲಾಗುವುದು.’ ಅದನ್ನು ಪೂರ್ತಿ ಹೊಡೆದುಹಾಕಿ ಪಕ್ಕದಲ್ಲಿ ಮೂರು ಪದ ಬರೆದಿದ್ದೇನೆ: ‘ನಿಮ್ಮನ್ನು ನಾವು ನೋಡಿಕೊಳ್ಳುತ್ತೇವೆ.’ ಅಷ್ಟೇ. ಅಮ್ಮ ಹೇಳುತ್ತಿದ್ದ ಹಾಗೆ. ಓದಿದವರಿಗೆ ಯಾರೋ ಬೆನ್ನ ಮೇಲೆ ಕೈ ಇಟ್ಟಂತೆ ಆಗಬೇಕು.

ಫೋನ್ ಮಾಡಬೇಡ, ಬರಿ. ಫೋನಿನಲ್ಲಿ ನೀನು ಬರೀ ಹೂಂಗುಟ್ಟುತ್ತೀಯ.

ಮಸಿ ಖರ್ಚಾದದ್ದಕ್ಕೆ ಕೊರಗುತ್ತಿರುವ,
ಅಕ್ಕ

ಫೆಬ್ರವರಿ 17

ಅಕ್ಕ,

ಕೂತುಕೊಂಡು ಓದು. ನಿನ್ನ ಮೂರು ಪದ ಮುಖಪುಟಕ್ಕೆ ಹೋಗುತ್ತಿದೆ!

ನಡೆದದ್ದು ಹೀಗೆ. ನೀನು ತಿದ್ದಿದ ಪ್ರತಿಯನ್ನು ಹೆದರುತ್ತಲೇ ಪಕ್ಷದ ಅಧ್ಯಕ್ಷರ ಮುಂದೆ ಇಟ್ಟೆ. ಕೋಣೆಯಲ್ಲಿ ಒಂದಷ್ಟು ಜನ ಇದ್ದರು. ಅಧ್ಯಕ್ಷರು ಆ ಸಾಲನ್ನು ಮೊದಲು ಮನಸ್ಸಿನಲ್ಲೇ ಓದಿಕೊಂಡರು. ಆಮೇಲೆ ಜೋರಾಗಿ, ಜ್ವರ ಬಂದ ಮಗುವಿಗೆ ಹೇಳುವ ಹಾಗೆ. ಆಮೇಲೆ ಇನ್ನೊಂದು ಸಲ, ಮೆಲ್ಲಗೆ, ಯಾರ ಮುಖವನ್ನೂ ನೋಡದೆ. ಆ ಸಲ ಓದುವಾಗ ಟೀ ತಂದಿದ್ದವರು ಟ್ರೇ ಕೆಳಗಿಟ್ಟು ಗೋಡೆಗೆ ಒತ್ತಿಕೊಂಡು ನಿಂತುಬಿಟ್ಟರು. ಏನಾಯ್ತು ಅಂತ ಆಮೇಲೆ ಕೇಳಿದೆ. ಗೊತ್ತಿಲ್ಲ ಸಾರ್, ಹಿಂದೆ ಯಾರೋ ಬಂದು ನಿಂತ ಹಾಗಾಯ್ತು ಅಂದರು.

ಅಧ್ಯಕ್ಷರು ಉಳಿದ ಪುಟಗಳನ್ನೂ ಇದೇ ಧಾಟಿಯಲ್ಲಿ ಬರೆಸು ಅಂದಿದ್ದಾರೆ. ನಾನೇ ಬರೆದದ್ದು ಅಂದುಕೊಂಡಿದ್ದಾರೆ, ನಾನೂ ಸುಮ್ಮನಿದ್ದೇನೆ. ಅಕ್ಕ, ಇಷ್ಟು ವರ್ಷ ಸೋಪಿನ ಜಾಹೀರಾತು, ಸಾವಿನ ಸುದ್ದಿ, ಮದುವೆ ಕಾಗದ ಬರೆದುಕೊಂಡು ಬಂದವನು ನಾನು. ಯಾರೂ ನನ್ನ ಒಂದು ಸಾಲನ್ನೂ ಎರಡು ಸಲ ಓದಿರಲಿಲ್ಲ. ದಯವಿಟ್ಟು ಉಳಿದದ್ದನ್ನೂ ತಿದ್ದಿಕೊಡು. ಭಾವನಿಗೆ ಹೇಳು, ಲೋಟ ನಾನು ಬಂದು ತೊಳೆಯುತ್ತೇನೆ.

ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡ,
ನಿನ್ನ ಗುಬ್ಬಿ

ಮಾರ್ಚ್ 30

ಗುಬ್ಬಿ,

ನಿಮ್ಮ ಪ್ರಣಾಳಿಕೆಯ ವಿಮರ್ಶೆ ಬೇಡ ಬೇಡ ಅಂದುಕೊಂಡೇ ಬರೆದುಬಿಟ್ಟೆ. ಎಲ್ಲ ಪಕ್ಷದವರದ್ದೂ ಬರೆದು ನಿಮ್ಮದನ್ನು ಬಿಟ್ಟರೆ ಅನುಮಾನ ಬರುವುದಿಲ್ಲವಾ? ನಿನ್ನ ಭಾವ ಓದಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಹಡೆದವಳೇ ಮಗುವಿಗೆ ಮೊದಲ ಬಹುಮಾನ ಕೊಟ್ಟುಕೊಂಡಳು ಅಂತ. ಹೌದು, ಕೊಟ್ಟುಕೊಂಡೆ. ಮಗು ಚೆನ್ನಾಗಿತ್ತು.

ಪತ್ರಿಕೆ ನಿನಗೆ ಸಿಗುತ್ತದೋ ಇಲ್ಲವೋ. ಬರೆದದ್ದರ ಸಾರ ಇಷ್ಟು. ಕಥೆ ಆದದ್ದನ್ನು ಹೇಳುತ್ತದೆ, ಪ್ರಣಾಳಿಕೆ ಆಗಬೇಕಾದದ್ದನ್ನು. ಕಥೆ ಚೆನ್ನಾಗಿಲ್ಲದಿದ್ದರೆ ಓದುಗನ ಒಂದು ಮಧ್ಯಾಹ್ನ ಹಾಳು, ಅಷ್ಟೇ. ಪ್ರಣಾಳಿಕೆ ಚೆನ್ನಾಗಿಲ್ಲದಿದ್ದರೆ ಅದು ಮರೆತುಹೋಗುತ್ತದೆ, ಮರೆತದ್ದನ್ನು ಯಾರೂ ಮಾಡುವುದಿಲ್ಲ. ಚೆನ್ನಾಗಿ ಬರೆದದ್ದು ಮಾತ್ರ ಜನರ ಬಾಯಿಗೆ ಹತ್ತುತ್ತದೆ, ಬಾಯಿಗೆ ಹತ್ತಿದ್ದು ನಿಧಾನಕ್ಕೆ ಕೈಗೂ ಬರುತ್ತದೆ. ಈ ಮಾತು ಬರೆದಾಗ ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು. ನಾಚಿಕೆಯಿಲ್ಲದವಳು ಅನ್ನು, ಪರವಾಗಿಲ್ಲ.

ಬಾಯಿಗೆ ಹತ್ತಿರುವುದಂತೂ ನಿಜ. ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಕಿಟಕಿ ನೋಡುತ್ತ ಅದನ್ನೇ ಗುನುಗುತ್ತಿದ್ದಳು. ತರಗತಿಯಲ್ಲಿ ಕರ್ತರಿ ಪ್ರಯೋಗಕ್ಕೆ ಉದಾಹರಣೆ ಕೊಡಿ ಅಂದರೆ ಎಲ್ಲರೂ ಆ ಒಂದೇ ವಾಕ್ಯ ಬರೆದಿದ್ದರು. ಕಾಪಿ ಹೊಡೆದಿದ್ದೀರಾ ಅಂತ ಕಿವಿ ಹಿಂಡಿದೆ. ಇಲ್ಲ ಮೇಡಂ, ತಾನಾಗೇ ಬಂತು ಅಂದರು.

ಒಂದು ಮಾತು. ಮೊನ್ನೆ ಅಂಗಡಿಯ ಮುಂದೆ ಇಬ್ಬರು ಸ್ಕೂಟರ್ ನಿಲ್ಲಿಸುವ ಜಾಗಕ್ಕೆ ಕಿತ್ತಾಡಿದರಂತೆ. ಹೋಗುವಾಗ ಒಬ್ಬ ಇನ್ನೊಬ್ಬನಿಗೆ ಬೆರಳು ತೋರಿಸಿ ‘ನಿನ್ನನ್ನ ಆಮೇಲೆ ನೋಡ್ಕೋತೀನಿ’ ಅಂದನಂತೆ. ನಿನ್ನ ಭಾವ ಮೇಲೆ ಬಂದವರೇ, ಇದೂ ನಿನ್ನ ಸಾಲೇ ಅಲ್ವಾ ಅಂದರು. ನಾನು, ಮಾತಿಗೆ ಅರ್ಥ ಸಂದರ್ಭದಿಂದ ಬರುತ್ತೆ ಕಣ್ರೀ, ಅಷ್ಟೂ ಗೊತ್ತಾಗಲ್ವಾ ಅಂತ ಪಾಠ ಶುರು ಮಾಡಿದೆ. ಪಾಠ ತಪ್ಪಿಸಿಕೊಳ್ಳಲು, ಹಾಗಾದ್ರೆ ಇವತ್ತು ಅಡುಗೆ ನಾನು ನೋಡ್ಕೋತೀನಿ ಅಂತ ಒಳಗೆ ಹೋದರು. ಅನ್ನ ಸೀಯಿಸಿದರು. ನಗುತ್ತಲೇ ಉಂಡೆವು. ಮಾತು ಮಾತ್ರ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಕೂತಿದೆ.

ಬಹುಮಾನಿತ ಮಗುವಿನ ತಾಯಿ,
ಅಕ್ಕ

ಮೇ 22

ಅಕ್ಕ,

ಗೆದ್ದೆವು. ನಿನಗೂ ಗೊತ್ತಾಗಿರುತ್ತದೆ.

ಫಲಿತಾಂಶದ ದಿನ ಕಚೇರಿಯ ಮುಂದಿನ ರಸ್ತೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಘೋಷಣೆ ಕೂಗುತ್ತಾರೆ ಅಂದುಕೊಂಡು ಬಾಲ್ಕನಿಗೆ ಬಂದೆ. ಕೂಗಲಿಲ್ಲ ಅಕ್ಕ. ಅಷ್ಟು ಜನವೂ ಒಟ್ಟಿಗೆ, ಮೆಲ್ಲಗೆ, ನಿದ್ದೆ ಹೋದವರನ್ನು ಎಬ್ಬಿಸಬಾರದು ಅನ್ನುವ ಹಾಗೆ ಆ ಸಾಲನ್ನು ಹೇಳುತ್ತಿದ್ದರು. ಪಿಸುಗುಟ್ಟುವ ಗುಂಪನ್ನು ನಾನು ಅದುವರೆಗೆ ನೋಡಿರಲಿಲ್ಲ. ಮೈಮೇಲೆ ಕೂದಲು ನಿಂತವು. ಸಂತೋಷಕ್ಕೆ ಅಂದುಕೊಂಡೆ.

ಸಂಬಳ ಹೆಚ್ಚು ಮಾಡಿದ್ದಾರೆ, ಒಂದು ಕೋಣೆ ಕೊಟ್ಟಿದ್ದಾರೆ. ಬಾಗಿಲಿಗೆ ಒಳಗಿನಿಂದ ಚಿಲಕ ಇಲ್ಲ, ಹಾಕಿಸಬೇಕು. ಭಾವನನ್ನು ಕೇಳಿ ಒಳ್ಳೆಯದೊಂದು ಕಳಿಸಿಕೊಡು.

ಆತುರದಲ್ಲಿ,
ಗುಬ್ಬಿ

ಜುಲೈ 2

ಗುಬ್ಬಿ,

ಚಿಲಕ ಪಾರ್ಸೆಲ್ ಮಾಡಿದ್ದೆ, ‘ಅಗತ್ಯವಿಲ್ಲ’ ಅಂತ ಮುದ್ರೆ ಹೊಡೆದು ವಾಪಸ್ ಬಂತು. ನೀನೇ ಬೇಡ ಅಂದೆಯಾ?

ನಮ್ಮ ಕಟ್ಟಡಕ್ಕೆ ಒಬ್ಬಳು ಬಂದಿದ್ದಾಳೆ. ಎಲ್ಲ ಕಟ್ಟಡಕ್ಕೂ ಒಬ್ಬೊಬ್ಬರು ಬಂದಿದ್ದಾರೆ, ನೋಡಿಕೊಳ್ಳುವವರು ಅನ್ನುತ್ತಾರೆ. ಇವಳು ಬೂದು ಬಣ್ಣದ ಸ್ವೆಟರ್ ಹಾಕಿಕೊಂಡು, ನಮ್ಮ ಬಾಗಿಲಿಗೆ ಎದುರಾಗಿ, ಮೆಟ್ಟಿಲ ತಿರುವಿನಲ್ಲಿ ಒಂದು ಸ್ಟೂಲಿನ ಮೇಲೆ ಕೂತಿರುತ್ತಾಳೆ. ಕೈಯಲ್ಲಿ ಪುಸ್ತಕ ಇಲ್ಲ, ಹೆಣಿಗೆ ಇಲ್ಲ, ಫೋನ್ ಇಲ್ಲ. ನೋಡುತ್ತಾಳೆ, ಅಷ್ಟೇ. ಒಳ್ಳೆಯವಳಲ್ಲ ಅನ್ನಲು ಬಾಯಿ ಬರುವುದಿಲ್ಲ. ಸಾಮಾನಿನ ಚೀಲ ಕೈಯಿಂದ ಇಸಿದುಕೊಂಡು ಮೇಲೆ ತಂದುಕೊಡುತ್ತಾಳೆ. ಪಕ್ಕದ ಮನೆಯ ಸೋರುವ ನಲ್ಲಿ ರಿಪೇರಿ ಮಾಡಿಸಿದಳು. ಮೇಲಿನ ಮನೆಯ ಮುದುಕಪ್ಪ ರೇಡಿಯೋಗೆ ಬೈಯುತ್ತ ಇಡೀ ಕಟ್ಟಡವನ್ನು ಎಬ್ಬಿಸುತ್ತಿದ್ದರಲ್ಲ, ಈಗ ಸದ್ದೇ ಇಲ್ಲ. ರೇಡಿಯೋ ಹಾಕಿರುತ್ತಾರೆ, ಮುಂದೆ ಕೂತಿರುತ್ತಾರೆ, ಬೈಯುವುದಿಲ್ಲ. ಎಲ್ಲರಿಗೂ ಸಮಾಧಾನವೇ.

ಮೊದಲ ದಿನ ನಾನೇ ಮಾತಾಡಿಸಿದೆ, ಎಷ್ಟು ದಿನ ಇರ್ತೀಯಮ್ಮ ಇಲ್ಲಿ ಅಂತ. ಅವಳು ಹೇಳಿದಳು: ‘ನೀವು ಬೀಳುವ ಮೊದಲೇ, ನಾವು ಕೈ ಹಿಡಿಯುತ್ತೇವೆ.’ ನಗು ಬಂತು, ಅದು ಪ್ರಣಾಳಿಕೆಯಲ್ಲಿ ನಾನೇ ತಿದ್ದಿದ ವಾಕ್ಯ. ಆಮೇಲೆ ನಗು ನಿಂತಿತು. ಅವಳು ‘ಮೊದಲೇ’ ಅಂದ ಮೇಲೆ ಒಂದು ಉಸಿರು ನಿಂತಳು. ಅಲ್ಲಿ ಅಲ್ಪವಿರಾಮ ಇದೆ. ವ್ಯಾಕರಣಕ್ಕೆ ಬೇಕಿಲ್ಲದ ಅಲ್ಪವಿರಾಮ, ಲಯಕ್ಕೆ ಅಂತ ನಾನು ಹಾಕಿದ್ದು. ಗೊತ್ತೂ ಗುರಿಯೂ ಇಲ್ಲದ ಹೆಂಗಸಿನ ಉಸಿರಿನಲ್ಲಿ ನನ್ನ ಅಲ್ಪವಿರಾಮ ಇತ್ತು ಕಣೋ. ನಿನ್ನ ಹೆಸರೇನು, ಮಕ್ಕಳಿದ್ದಾರಾ ಅಂತ ಕೇಳಿದೆ. ಪುಸ್ತಕದಲ್ಲಿ ಪುಟ ಕಾಣೆಯಾದಾಗ ನೋಡುತ್ತೇವಲ್ಲ, ಹಾಗೆ ನನ್ನ ಮುಖ ನೋಡಿದಳು. ಆಮೇಲೆ ಮುಗುಳ್ನಕ್ಕು ಅದೇ ವಾಕ್ಯವನ್ನು ಮತ್ತೆ ಹೇಳಿದಳು.

ಇನ್ನೊಂದು ವಿಷಯ, ಇದಕ್ಕಾಗಿಯೇ ಬರೆಯುತ್ತಿದ್ದೇನೆ. ನಿನ್ನ ಭಾವನ ಅಂಗಡಿಗೆ ಅವಳ ಕಡೆಯ ಇಬ್ಬರು ಬಂದಿದ್ದರು. ಈ ಬೀದಿಯ ಮುಕ್ಕಾಲು ಬೀಗ ಇವರೇ ಹಾಕಿದ್ದು, ಮಾದರಿ ಎಲ್ಲ ಇವರ ಹತ್ತಿರ ಇದೆ. ಎಲ್ಲ ಮನೆಗಳದ್ದೂ ಒಂದೊಂದು ಡೂಪ್ಲಿಕೇಟ್ ಕೀ ಬೇಕಂತೆ. ಇವರು ಆಗಲ್ಲ ಅಂದರು. ಮನೆಯವರು ಬಂದು ಕೇಳಿದರೆ ಮಾಡಿಕೊಡುತ್ತೇನೆ, ಬೇರೆಯವರಿಗೆ ಕೊಡುವುದಿಲ್ಲ ಅಂದರು. ಬಂದವರು ಜಗಳ ಆಡಲಿಲ್ಲ. ಗದರಿಸಲಿಲ್ಲ. ಬಹಳ ಸಂತೋಷ ಅಂತ ಇವರ ಎರಡೂ ಕೈ ಹಿಡಿದು ಹೇಳಿ ಹೋದರು. ಆವತ್ತಿನಿಂದ ಇವರು ನಗುವುದು ಕಡಿಮೆಯಾಗಿದೆ. ಬೈದಿದ್ದರೆ ನಾನೂ ಬೈತಿದ್ದೆ, ಥ್ಯಾಂಕ್ಸ್ ಹೇಳಿದೋರಿಗೆ ಏನು ಮಾಡೋದು ಅಂತಾರೆ.

ನಿನ್ನ ಮಾತು ಅಲ್ಲಿ ನಡೆಯುತ್ತದಲ್ಲ, ನಿನ್ನ ಭಾವನ ತಂಟೆಗೆ ಬರಬೇಡಿ ಅಂತ ಹೇಳು. ನನಗೆ ಇರುವುದು ಅವರೊಬ್ಬರು.

ಬಾಗಿಲಿಗೆ ಎರಡು ಸಲ ಬೀಗ ಹಾಕುವುದನ್ನು ಕಲಿತ,
ಅಕ್ಕ

ಜುಲೈ 19

ಪ್ರಿಯ ಅಕ್ಕನವರೇ,

ತಮ್ಮ ಪತ್ರ ತಲುಪಿತು. ತಾವು ಆರೋಗ್ಯವಾಗಿದ್ದೀರಿ ಎಂದು ತಿಳಿದು ಸಂತೋಷವಾಯಿತು.

ಭಾವನವರು ಕೀಲಿಕೈಗಳನ್ನು ಮಾಡಿಕೊಡುವುದು ಒಳ್ಳೆಯದು. ಮನೆಯೊಳಗೆ ಬಿದ್ದವರನ್ನು ಹೊರಗೆ ನಿಂತು ಎತ್ತಲಾಗುವುದಿಲ್ಲ. ಬಾಗಿಲು ಮುಚ್ಚಿದ ಮನೆಯಲ್ಲಿ, ಯಾರೂ ಚೆನ್ನಾಗಿರುವುದಿಲ್ಲ. ಇದು ತಮ್ಮದೇ ವಾಕ್ಯ, ಹನ್ನೊಂದನೆಯ ಪುಟದಲ್ಲಿದೆ. ನಾವು ಅದನ್ನು ಬಹಳ ಮೆಚ್ಚಿಕೊಂಡಿದ್ದೇವೆ.

ನಮಗೆ ಚಿಲಕದ ಅಗತ್ಯವಿಲ್ಲ.

ತಮ್ಮ ಸಹೋದರ

ಆಗಸ್ಟ್ 11

ಗುಬ್ಬಿ,

ಅಕ್ಕನವರೇ ಅಂತ ಬರೆದೆಯಲ್ಲ, ಅದೂ ಟೈಪ್ ಮಾಡಿ. ಆ ಕಾಗದ ಹರಿದುಹಾಕಬೇಕು ಅಂತ ಕೈಗೆತ್ತಿಕೊಂಡೆ, ಕೈ ಬರಲಿಲ್ಲ. ಈಗ ಬೈಯುವಷ್ಟು ಹೊತ್ತಿಲ್ಲ. ನಿನ್ನ ಭಾವ ಇಲ್ಲ.

ಗುರುವಾರ ಕಾಲೇಜಿನಿಂದ ಬಂದಾಗ ಅಂಗಡಿ ತೆರೆದಿತ್ತು, ದೀಪ ಉರಿಯುತ್ತಿತ್ತು, ಕೀ ಕೊರೆಯುವ ಮಷೀನಿನ ಸದ್ದು ಬರುತ್ತಿತ್ತು. ಇವರೇ ಅಂದುಕೊಂಡು, ಬೆಳಗ್ಗೆ ಹೇಳಿದ್ದ ತರಕಾರಿ ತಂದ್ರಾ ಅಂತ ಬಾಗಿಲಲ್ಲೇ ಕೇಳಿದೆ. ತಲೆ ಎತ್ತಿದವನು ಬೇರೆ ಯಾರೋ. ಇವರ ಏಪ್ರನ್ ಹಾಕಿಕೊಂಡು, ಇವರ ಕುರ್ಚಿಯಲ್ಲಿ ಕೂತು, ಇವರು ಅರ್ಧಕ್ಕೆ ಬಿಟ್ಟಿದ್ದ ಕೀಯನ್ನು ಮುಗಿಸುತ್ತಿದ್ದ. ‘ಅಂಗಡಿಯನ್ನು ನಾವು ನೋಡಿಕೊಳ್ಳುತ್ತಿದ್ದೇವೆ’ ಅಂದ. ಅವನ ಪಕ್ಕದ ಹಲಗೆಯ ಮೇಲೆ ಹೊಸ ಕೀಗಳು ಸಾಲಾಗಿ ನೇತುಬಿದ್ದಿದ್ದವು.

ಮೇಲೆ ಓಡಿದೆ. ಸ್ಟೂಲು ಮೆಟ್ಟಿಲ ಮೇಲಿರಲಿಲ್ಲ. ನಮ್ಮ ಮನೆಯೊಳಗಿತ್ತು, ಬಾಗಿಲ ಪಕ್ಕದಲ್ಲೇ. ಅವಳು ಅದರ ಮೇಲೆ ಕೂತಿದ್ದಳು. ಬಾಗಿಲಿನ ಬೀಗಕ್ಕೆ ಒಂದು ಗೀರೂ ಬಿದ್ದಿಲ್ಲ, ಕೀ ಹಾಕಿಯೇ ತೆಗೆದಿದ್ದಾರೆ. ಈಗಲೂ ಇಲ್ಲೇ ಇದ್ದಾಳೆ. ನಾನು ಬರೆಯುವುದನ್ನು ನೋಡುತ್ತಿದ್ದಾಳೆ. ಊಟ ಮಾಡು ಅಂದರೆ ಮಾಡುತ್ತಾಳೆ, ಪಾತ್ರೆ ತೊಳೆದಿಡುತ್ತಾಳೆ. ಕೂಗಾಡಿದೆ, ಅಳುತ್ತ ಕೈ ಹಿಡಿದು ಹೊರಗೆ ಎಳೆದೆ. ಬಂದಳು, ಬಾಗಿಲ ಹೊರಗೆ ನಿಂತಳು, ಕೀ ಹಾಕಿ ತೆಗೆದುಕೊಂಡು ಮತ್ತೆ ಒಳಗೆ ಬಂದು ಕೂತಳು.

ಮಾರನೆ ದಿನ ಕಲ್ಯಾಣ ಕಚೇರಿ ಅಂತ ಬೋರ್ಡು ಹಾಕಿರುವ ಕಡೆಗೆ ಹೋದೆ. ಗುಮಾಸ್ತೆ ಒಂದು ಕಾರ್ಡು ತೆಗೆದು ಓದಿದಳು: ‘ಕರೆದೊಯ್ಯಲಾಗಿದೆ.’ ಯಾರು ಕರೆದುಕೊಂಡು ಹೋದರು ಅಂದೆ. ಮತ್ತೆ ಕಾರ್ಡು ನೋಡಿದಳು. ಹಿಂದೆ ಮುಂದೆ ತಿರುವಿದಳು. ಪಾಪ, ನಿಜವಾಗಿಯೂ ಹುಡುಕಿದಳು ಕಣೋ, ಸುಳ್ಳು ಹೇಳುತ್ತಿರಲಿಲ್ಲ. ‘ಅದರಲ್ಲಿ ಯಾರೂ ಇಲ್ಲ ಮೇಡಂ, ಬರೀ ಕರೆದೊಯ್ಯಲಾಗಿದೆ ಅಂತ ಇದೆ’ ಅಂದಳು. ಪಕ್ಕದ ಮೇಜಿನವರನ್ನು ಕೇಳಿದಳು. ಅವರಿಗೂ ಗೊತ್ತಿಲ್ಲ. ಇಷ್ಟು ದೊಡ್ಡ ಕಚೇರಿಯಲ್ಲಿ ನನ್ನ ಗಂಡನನ್ನು ಕರೆದುಕೊಂಡು ಹೋದವರು ಒಬ್ಬರೂ ಇಲ್ಲ.

ನೋಡಿಕೊಳ್ಳುವುದಕ್ಕೆ ‘ನಾವು’ ಬೇಕು, ಕರೆದೊಯ್ಯುವುದಕ್ಕೆ ಯಾರೂ ಬೇಡ. ಎಷ್ಟು ಚೆನ್ನಾಗಿ ಕಲಿತಿದ್ದೀರಿ. ನನ್ನ ಕೈಲಿ ನಾನೇ ಚಪ್ಪಲಿ ತೆಗೆದುಕೊಂಡು ಹೊಡೆದುಕೊಳ್ಳಬೇಕು ಅನ್ನಿಸುತ್ತಿದೆ.

ನನಗೆ ಬೇರೇನೂ ಬೇಡ. ಅವರು ಎಲ್ಲಿದ್ದಾರೆ ಹೇಳು. ಮನೆಗೆ ಕಳಿಸು. ನಿನ್ನನ್ನು ಎತ್ತಿ ಆಡಿಸಿದವಳು ಕೇಳುತ್ತಿದ್ದೇನೆ.

ಅಕ್ಕ

ಆಗಸ್ಟ್ 26

ಅಕ್ಕ,

ಕೈಯಲ್ಲೇ ಬರೆಯುತ್ತಿದ್ದೇನೆ. ಬರೆಯಬಹುದು ಅಂದರು. ನನ್ನ ಮೇಜಿನ ಎದುರಿಗೂ ಒಬ್ಬರು ಕೂತಿದ್ದಾರೆ. ಒಳ್ಳೆಯವರು. ಹೋದ ಕಾಗದ ನಾನು ಬರೆದದ್ದೇ, ಬರೆದದ್ದು ನೆನಪಿದೆ, ಆದರೆ ಬರೆಯುವಾಗ ನಾನು ಅಲ್ಲಿ ಇದ್ದೆನಾ ಅಂತ ಗೊತ್ತಾಗುತ್ತಿಲ್ಲ. ಆ ವಾಕ್ಯಗಳಲ್ಲಿ ಯೋಚಿಸುವುದು ಬಹಳ ಸುಲಭ ಅಕ್ಕ. ಜಾರುಬಂಡೆಯ ಮೇಲೆ ಕೂತ ಹಾಗೆ, ಕೆಳಗೆ ಬಂದ ಮೇಲೇ ಗೊತ್ತಾಗುತ್ತದೆ.

ಭಾವ ಚೆನ್ನಾಗಿದ್ದಾರೆ. ಎಲ್ಲಿ ಅಂತ ನನಗೂ ಹೇಳಿಲ್ಲ. ಕಳಿಸುತ್ತೇವೆ ಅಂದಿದ್ದಾರೆ, ಅದಕ್ಕೆ ಒಂದು ಕೆಲಸ ಆಗಬೇಕು.

ನಿಮ್ಮ ಬೀದಿಯ ಹಾಗೆ ಬೇರೆ ಕಡೆಯೂ ಕೆಲವರನ್ನು ಕರೆದುಕೊಂಡು ಹೋಗಿದ್ದಾರೆ. ಮನೆಯವರು ಕೇಳುತ್ತಿದ್ದಾರೆ. ಅದಕ್ಕೊಂದು ಹೇಳಿಕೆ ಬೇಕು, ಒಂದೇ ವಾಕ್ಯದ್ದು. ನಾನು ಬರೆದುಕೊಟ್ಟೆ, ಅಧ್ಯಕ್ಷರು ಓದಿ, ಇದು ಅರ್ಥವಾಗುತ್ತದೆ, ಬೇಡ ಅಂದರು. ಪ್ರಣಾಳಿಕೆ ಬರೆದವಳು ನೀನು ಅಂತ ಅವರಿಗೆ ಗೊತ್ತಾಗಿದೆ. ನಾನು ಹೇಳಲಿಲ್ಲ, ನಿನ್ನ ಅಲ್ಪವಿರಾಮಗಳೇ ಹೇಳಿದವಂತೆ. ಮರೆಯಲು ಆಗದ ಹಾಗೆ ಬರೆಯಬಲ್ಲವರಿಗೆ, ನೆನಪೇ ಉಳಿಯದ ಹಾಗೆ ಬರೆಯುವುದೂ ಗೊತ್ತಿರುತ್ತದೆ ಅಂದರು. ಓದಿ ಮುಗಿಸಿದವರಿಗೆ ತಾವು ಏನನ್ನು ಕೇಳಲು ಬಂದಿದ್ದೆವು ಅನ್ನುವುದೂ ಮರೆತುಹೋಗಬೇಕು.

ಬರೆದುಕೊಡು ಅಕ್ಕ. ಅಂಥವನ್ನೇ ಅಷ್ಟು ವರ್ಷ ಬೈದವಳು ನೀನು, ಅವು ಹೇಗಿರುತ್ತವೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಭಾವ ಬರುತ್ತಾರೆ.

ನಾನೇ, ನಿಜವಾಗಿಯೂ,
ಗುಬ್ಬಿ

ಸೆಪ್ಟೆಂಬರ್ 8

ಗುಬ್ಬಿ,

ತಗೋ.

‘ಇತ್ತೀಚಿನ ಕೆಲವು ವರದಿಗಳಿಗೆ ಸಂಬಂಧಿಸಿದಂತೆ, ಸದರಿ ವ್ಯಕ್ತಿಗಳ ಯೋಗಕ್ಷೇಮದ ದೃಷ್ಟಿಯಿಂದ ಕೈಗೊಳ್ಳಲಾದ ತಾತ್ಕಾಲಿಕ ವ್ಯವಸ್ಥೆಯನ್ನು ಅನ್ಯಥಾ ಭಾವಿಸಬಾರದೆಂದು ಈ ಮೂಲಕ ತಿಳಿಯಪಡಿಸಲಾಗಿದ್ದು, ಅಗತ್ಯ ಕ್ರಮಗಳನ್ನು ಕಾಲಕಾಲಕ್ಕೆ ಪರಿಶೀಲಿಸಲಾಗುವುದು.’

ಜೀವನದಲ್ಲಿ ಇಷ್ಟು ಕಷ್ಟಪಟ್ಟು ಏನನ್ನೂ ಬರೆದಿರಲಿಲ್ಲ. ಬರೆದಾಗಲೆಲ್ಲ ಎಲ್ಲೋ ಒಂದು ಕಡೆ ಇವರ ಮುಖ ಇಣುಕುತ್ತಿತ್ತು. ‘ವ್ಯಕ್ತಿ’ ಅಂತ ಬರೆದರೆ ಇವರೇ ಬಂದು ನಿಲ್ಲುತ್ತಿದ್ದರು, ‘ವ್ಯಕ್ತಿಗಳು’ ಅಂತ ಮಾಡಿದ ಮೇಲೆ ಹೋದರು. ‘ಸದರಿ’ ಸೇರಿಸಿದ ಮೇಲೆ ಪೂರ್ತಿ ಹೋದರು. ಕೊನೆಗೆ ನೋಡಿದರೆ ವಾಕ್ಯದಲ್ಲಿ ಒಬ್ಬ ಮನುಷ್ಯನೂ ಉಳಿದಿರಲಿಲ್ಲ, ಒಂದು ಕೈ, ಒಂದು ಕಣ್ಣು, ಒಂದು ಬಾಗಿಲೂ ಇರಲಿಲ್ಲ. ಆಗ ಮುಗಿಯಿತು ಅಂತ ಗೊತ್ತಾಯಿತು.

ತರಗತಿಯಲ್ಲಿ ಓದಿ, ಏನು ಕೇಳಿಸಿತು ಹೇಳಿ ಅಂದೆ. ಒಬ್ಬರಿಗೂ ಹೇಳಲಾಗಲಿಲ್ಲ. ಅವರಲ್ಲಿ ಒಬ್ಬಳ ತಂದೆಯನ್ನೂ ಕರೆದುಕೊಂಡು ಹೋಗಿದ್ದಾರೆ, ತರಗತಿಗೆ ಬಂದಾಗಿನಿಂದ ಅಳುತ್ತಿದ್ದಳು. ಅವಳು ಕಣ್ಣೊರೆಸಿಕೊಂಡು, ನಾನು ಯಾಕೆ ಅಳುತ್ತಿದ್ದೆ ಅಂತ ಪಕ್ಕದವಳನ್ನು ಕೇಳಿದಳು. ನಾನು ಬೋರ್ಡಿನ ಕಡೆ ತಿರುಗಿ ನಿಂತೆ. ಆ ಮಗುವಿನ ಮುಖ ನೋಡುವ ಧೈರ್ಯ ಬರಲಿಲ್ಲ. ಮನೆಗೆ ಬಂದು ಸ್ಟೂಲಿನ ಮೇಲಿರುವವಳಿಗೂ ಓದಿದೆ. ಅವಳು ಆಕಳಿಸಿದಳು. ಬಂದ ಮೇಲೆ ಅವಳು ಮಾಡಿದ ಮೊದಲ ಮನುಷ್ಯರ ಕೆಲಸ.

ವಿಮರ್ಶಕಿಯಾಗಿ ಹೇಳುತ್ತೇನೆ, ಇದು ನನ್ನ ಅತ್ಯುತ್ತಮ ಕೃತಿ. ಇನ್ನು ಅವರನ್ನು ಕಳಿಸು.

ಅಕ್ಕ

ಅಕ್ಟೋಬರ್ 9

ಗುಬ್ಬಿ,

ನಿನ್ನ ಭಾವ ಬಂದರು.

ಭಾನುವಾರ ಬೆಳಗ್ಗೆ ಬಾಗಿಲು ತಾನಾಗಿ ತೆರೆಯಿತು, ಅವರು ನಿಂತಿದ್ದರು. ಅವರನ್ನು ಕಂಡ ತಕ್ಷಣ ಬಿಕ್ಕಿ ಬಿಕ್ಕಿ ಅತ್ತೆ. ತಬ್ಬಿಕೊಂಡೆ. ಮೈ ಕೈ ಎಲ್ಲ ಸವರಿ ನೋಡಿದೆ, ಎಲ್ಲೂ ಏಟಿಲ್ಲ, ಗಾಯವಿಲ್ಲ. ಸ್ವಲ್ಪ ದಪ್ಪಗಾಗಿದ್ದಾರೆ. ಉಗುರು ಕತ್ತರಿಸಿದ್ದಾರೆ, ಇಷ್ಟು ವರ್ಷ ಉಗುರಿನ ಸಂದಿಯಲ್ಲಿದ್ದ ಕಬ್ಬಿಣದ ಕಪ್ಪು ಹೋಗಿದೆ. ಸ್ವೆಟರಿನವಳು ಸ್ಟೂಲಿನಿಂದ ಎದ್ದು, ಇವರಿಗೆ ತಲೆಬಾಗಿ, ಮೆಟ್ಟಿಲಿಳಿದು ಹೋದಳು. ಅಬ್ಬಾ, ಮುಗಿಯಿತು ಅಂದುಕೊಂಡೆ.

ಅಡುಗೆ ಮಾಡಿದೆ. ಏನ್ರೀ ಮಾಡಿದ್ರು ಅಲ್ಲಿ ಅಂದೆ. ‘ಚೆನ್ನಾಗಿ ನೋಡಿಕೊಂಡರು’ ಅಂದರು. ಎಲ್ಲಿ ಇಟ್ಟಿದ್ರು ಅಂದೆ. ಮುಗುಳ್ನಕ್ಕರು. ಊಟ ಆದ ಮೇಲೆ ಎದ್ದು ಹೋಗಿ ಆ ಸ್ಟೂಲನ್ನು ಎತ್ತಿಕೊಂಡು ಬಂದು ನನ್ನ ಮೇಜಿನ ಎದುರಿಗೆ ಹಾಕಿಕೊಂಡು ಕೂತರು. ಅಂಗಡಿಗೆ ಇಳಿದಿಲ್ಲ. ತಮಾಷೆ ಮಾಡಿಲ್ಲ. ನಾನು ಬೇಕೆಂದೇ ಅವರ ಅಂಗಡಿಯ ಬಗ್ಗೆ, ಅವರಮ್ಮನ ಬಗ್ಗೆ, ನಾವಿಬ್ಬರೂ ಓಡಿಹೋಗಿ ಮದುವೆಯಾದದ್ದರ ಬಗ್ಗೆ ಮಾತು ತೆಗೆದೆ. ಎಲ್ಲವನ್ನೂ ಕೇಳುತ್ತಾರೆ. ಬೇರೆ ಯಾರದ್ದೋ ಕಥೆ ಕೇಳುವವರ ಹಾಗೆ ತಲೆ ಆಡಿಸುತ್ತಾರೆ. ಈಗಲೂ ಎದುರಿಗೇ ಇದ್ದಾರೆ. ಕಣ್ಣು ಅವರದ್ದೇ, ಬಣ್ಣ ಅದೇ, ಎಡಗಣ್ಣಿನ ಕೆಳಗಿನ ಮಚ್ಚೆ ಅದೇ. ನೋಟ ಮಾತ್ರ ನನಗೆ ಪರಿಚಯ ಇಲ್ಲ.

ಯಾಕ್ರೀ ಹೀಗೆ ನೋಡ್ತೀರಿ ಅಂದೆ. ‘ನಿನ್ನನ್ನು ನೋಡಿಕೊಳ್ಳಲು ಹೇಳಿದ್ದಾರೆ’ ಅಂದರು. ಮನೆಯಲ್ಲಿ ಇವರು ಯಾವತ್ತು ಹೀಗೆ ಪುಸ್ತಕದ ಭಾಷೆ ಮಾತಾಡಿದ್ದರು, ಹೇಳು.

ಭಯವಾಗುತ್ತಿದೆ ಗುಬ್ಬಿ. ಸುತ್ತಿ ಬಳಸಿ ಹೇಳುವುದಿಲ್ಲ. ನನ್ನ ಗಂಡನ ಮುಂದೆ ಕೂತು ನನ್ನ ಗಂಡನನ್ನು ಹುಡುಕುತ್ತಿದ್ದೇನೆ. ಅವರು ಒಳಗೆ ಎಲ್ಲೋ ಇದ್ದಾರೆ, ಮಾತಾಡಲು ಆಗುತ್ತಿಲ್ಲ ಅಂತ ಒಂದು ಸಲ ಅನ್ನಿಸುತ್ತದೆ. ಇಲ್ಲ, ಅವರು ಬರಲೇ ಇಲ್ಲ ಅಂತ ಇನ್ನೊಂದು ಸಲ ಅನ್ನಿಸುತ್ತದೆ. ಯಾವುದು ಅಂತ ಗೊತ್ತಾದರೆ ಸಾಕು ನನಗೆ, ಎರಡರಲ್ಲಿ ಯಾವುದಾದರೂ ಬದುಕುತ್ತೇನೆ.

ಈ ಕಾಗದವನ್ನು ಅವರೇ ಓದಿ ಅಂಚೆಗೆ ಹಾಕುತ್ತಾರಂತೆ. ಓದಲಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ರೀ, ಇದನ್ನು ಓದುತ್ತಿರುವುದು ನೀವೇ ಆಗಿದ್ದರೆ, ಏನೂ ಮಾತಾಡಬೇಡಿ, ಕಷ್ಟಪಡಬೇಡಿ. ಈ ಕಾಗದವನ್ನು ಡಬ್ಬಿಗೆ ಹಾಕದೆ ಸುಮ್ಮನೆ ವಾಪಸ್ ನನ್ನ ಕೈಗೆ ಕೊಟ್ಟುಬಿಡಿ. ನನಗೆ ಅಷ್ಟು ಸಾಕು. ನೀವೇ ಅಂತ ತಿಳಿದುಕೊಳ್ಳುತ್ತೇನೆ. ಕಾಯುತ್ತಿರುತ್ತೇನೆ.

ನಿಮ್ಮಿಬ್ಬರವಳೂ ಆದ,
ನಾನು

ಓದಿದೆವು. ಚೆನ್ನಾಗಿ ಬರೆದಿದ್ದಾಳೆ. ಇವತ್ತಿನ ಟಪಾಲಿಗೇ ಹಾಕುತ್ತಿದ್ದೇವೆ.

ಭಾವ